ಲಂಗರು ಮತ್ತು ಮೇಟಿ: ಕನ್ನಡ ಕಾವ್ಯದ ಒಂದು ಉಪಮಾನದ ವಿಚಾರ

ರೋಣ ತಾಲೂಕಿನ ಬೆಳವಣಕಿಯ ಎರೆಹೊಲಗಳ ನಡುವೆ ನಿಂತು ಕಣ್ಣು ಹಾಯಿಸಿದವನಿಗೆ ನೆಲವೇ ಸಮುದ್ರವೆಂಬಂತೆ ತೋರುವದು. ಮರಗಳು ವಿರಳ, ಗುಡ್ಡಗಳು ದೂರ. ಹಿಂಗಾರಿಯ ಬಿಳಿಜೋಳವು ಎದೆಯೆತ್ತರ ಬೆಳೆದು ಮಾಗಿಯ ಗಾಳಿಗೆ ಓಲಾಡುವ ದಿನಗಳಲ್ಲಂತೂ ತೆರೆಯ ಮೇಲೆ ತೆರೆ ಸಾಗಿ ಬಂದಂತೆ ಭಾಸವಾಗುವದು. ಆದರೆ ನಿಜವಾದ ಸಮುದ್ರವನ್ನು ಕಾಣಬೇಕಾದರೆ ಅಲ್ಲಿಯವನು ಧಾರವಾಡ ಸೀಮೆಯನ್ನು ದಾಟಿ, ಸಹ್ಯಾದ್ರಿಯ ಘಟ್ಟವನ್ನಿಳಿದು, ಕಾರವಾರದ ದಂಡೆಯನ್ನು ಮುಟ್ಟಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸಿರುವದಷ್ಟೆ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ನಡುವಣ ಆ ಚೌಕದೊಳಗೇ ಬೆಳವಣಕಿಯು ಬರುವದು. ಅದೇ ಗ್ರಂಥವು ಕನ್ನಡ ನಾಡನ್ನು ಅಳೆದದ್ದು ಕಾವೇರಿ ಗೋದಾವರಿಗಳೆಂಬ ಎರಡು ಹೊಳೆಗಳಿಂದ; ಪಡುವಣ ಕಡಲನ್ನು ಎಲ್ಲೆಯೆಂದು ಅದು ಎಣಿಸಲಿಲ್ಲ. ತಿರುಳ್ಗನ್ನಡದ ಕಣ್ಣು ಮೊದಲಿನಿಂದಲೂ ಒಳನಾಡಿನ ಕಣ್ಣು. ಇಂಥ ಕಣ್ಣಿಗೆ ಹಡಗಿನ ಲಂಗರು ಏನಾಗಿ ಕಂಡಿತು, ಅಥವಾ ಕಾಣದೇ ಹೋಯಿತು, ಎಂಬದು ವಿಚಾರಕ್ಕೆ ತಕ್ಕ ವಿಷಯವಾಗಿದೆ.

ವಿಚಾರಕ್ಕೆ ಕಾರಣವೂ ಇಲ್ಲದಿಲ್ಲ. ಈಚೆಗೆ ಕನ್ನಡ ಪದ್ಯಗಳಲ್ಲಿ, ಅಭಿನಂದನ ಭಾಷಣಗಳಲ್ಲಿ, ಶ್ರದ್ಧಾಂಜಲಿಯ ಬರಹಗಳಲ್ಲಿ ‘ಬಾಳಿನ ಲಂಗರು’, ‘ನಂಬಿಕೆಯ ಲಂಗರು’ ಎಂಬ ಮಾತುಗಳು ಸದರವಾಗಿ ಬರಹತ್ತಿವೆ. ದೂರದರ್ಶನದ ಪರದೆಯ ಮೇಲೆ ಸುದ್ದಿ ಹೇಳುವವರಿಗೂ ‘ಆ್ಯಂಕರ್’ ಎಂದು ಹೆಸರಾಗಿ, ಹಡಗನ್ನೇ ಕಾಣದ ಮನೆಗಳಲ್ಲಿ ಈ ಶಬ್ದವು ದಿನಕ್ಕೆ ಹತ್ತು ಸಲ ಉಚ್ಚರಿಸಲ್ಪಡುವದು. (ಹಡಗನ್ನು ಅಲುಗದಂತೆ ಹಿಡಿಯುವ ವಸ್ತುವಿನ ಹೆಸರು ಸದ್ದಿನ ಬಿರುಗಾಳಿಯನ್ನೆಬ್ಬಿಸುವವರಿಗೆ ಬಂದುದು ಶಬ್ದಗಳ ಹಣೆಬರಹ.) ಆಲಂಕಾರಿಕರು ಉಪಮೆಗೆ ಉಪಮಾನ, ಉಪಮೇಯ, ಸಾಧಾರಣಧರ್ಮ, ವಾಚಕ ಎಂದು ನಾಲ್ಕು ಅಂಗಗಳನ್ನು ಹೇಳಿದ್ದಾರೆ. ಈಚಿನ ಪ್ರಯೋಗಗಳಲ್ಲಿ ಉಪಮಾನವಿದೆ, ಉಪಮೇಯವಿದೆ, ‘ಅಂತೆ’ ಎಂಬ ವಾಚಕವೂ ಇದೆ, ಕೆಟ್ಟಿರುವದು ಸಾಧಾರಣಧರ್ಮ. ಲಂಗರೆಂದರೆ ಭಾರ, ಭಾರವೆಂದರೆ ಸ್ಥಿರತೆ ಎಂದಿಷ್ಟನ್ನೇ ತಿಳಿದು ಬರೆದವರ ಕೈಯಲ್ಲಿ ಅದು ಹಡಗಿಗೆ ಕಟ್ಟಿದ ಒಂದು ಗುಂಡುಕಲ್ಲಾಗಿಬಿಟ್ಟಿದೆ.

ಗುಂಡುಕಲ್ಲು ಎಂದದ್ದು ಇತಿಹಾಸಕ್ಕೆ ದೂರವಾದ ಮಾತೇನೂ ಅಲ್ಲ. ಮೊದಮೊದಲಿನ ಲಂಗರುಗಳು ತೂತು ಕೊರೆದ ಕಲ್ಲುಗಳೇ. ತುರ್ಕಸ್ಥಾನದ ದಕ್ಷಿಣ ತೀರದ ಉಲುಬುರುನ್ ಎಂಬಲ್ಲಿ ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದಲ್ಲಿ ಮುಳುಗಿದ ಹಡಗೊಂದರಲ್ಲಿ ಇಂಥ 24 ಕಲ್ಲುಗಳು ದೊರೆತಿವೆ. ಗುಜರಾತದ ದ್ವಾರಕೆಯ ನೀರಿನೊಳಗೆ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ನೂರಕ್ಕೂ ಹೆಚ್ಚು ಕಲ್ಲಿನ ಲಂಗರುಗಳನ್ನು ಕಂಡಿದ್ದಾರೆ. ಆ ಶೋಧವನ್ನು ಆರಂಭಿಸಿದ ಎಸ್. ಆರ್. ರಾವ್ ಅವರು ಮಲೆನಾಡಿನ ಆನಂದಪುರದವರು, ಕಡಲಿನ ಮಕ್ಕಳಲ್ಲ. ಆದರೆ ಅಲ್ಲಿಯ ಕಲ್ಲುಗಳಲ್ಲಿಯೇ ಒಂದು ಸೂಕ್ಷ್ಮವಿದೆ. ತ್ರಿಕೋನಾಕಾರದ ಕಲ್ಲಿಗೆ ಮೇಲೊಂದು, ಕೆಳಗೆರಡು ತೂತುಗಳು. ಮೇಲಿನದು ಹಗ್ಗಕ್ಕೆ, ಕೆಳಗಿನವು ಮರದ ಗೂಟಗಳನ್ನು ತೂರಿಸುವದಕ್ಕೆ. ಆ ಗೂಟಗಳು ಕಡಲಿನ ತಳದ ಕೆಸರನ್ನು ಕಚ್ಚಿ ಹಿಡಿಯುತ್ತಿದ್ದವು. ಎಂದರೆ, ಭಾರವೊಂದರಿಂದ ಕೆಲಸವಾಗದೆಂಬದನ್ನು ನಾವಿಕನು ಬಹು ಹಿಂದೆಯೇ ತಿಳಿದಿದ್ದನು. ಈಚಿನ ಪದ್ಯಕಾರನು ಇನ್ನೂ ತಿಳಿಯಬೇಕಾಗಿದೆ.

ಆಮೇಲಣ ಕಬ್ಬಿಣದ ಲಂಗರಿನ ರಚನೆಯನ್ನು ತುಸು ನಿಂತು ನೋಡುವದು ಒಳ್ಳೆಯದು. ಮೇಲೆ ಬಳೆ, ಅದರ ಕೆಳಗೆ ಉದ್ದನ್ನ ದಂಡ, ದಂಡದ ತುದಿಯಲ್ಲಿ ಎರಡು ಬಾಗಿದ ತೋಳುಗಳು, ತೋಳುಗಳ ಕೊನೆಗೆ ಅಗಲವಾದ ಅಲಗುಗಳು. ತೋಳುಗಳಿಗೆ ಅಡ್ಡಲಾಗಿ ದಂಡದ ಮೇಲ್ತುದಿಯಲ್ಲಿ ಒಂದು ತೊಲೆ. ಲಂಗರು ತಳವನ್ನು ಮುಟ್ಟಿ ಅಡ್ಡಬಿದ್ದಾಗ ಈ ತೊಲೆಯು ಅದನ್ನು ಹೊರಳಿಸಿ ಒಂದು ಅಲಗು ನೆಲದ ಕಡೆಗೆ ಮುಖಮಾಡುವಂತೆ ಮಾಡುವದು. ಹಡಗು ಗಾಳಿಗೆ ಹಿಂದೆ ಸರಿದಷ್ಟೂ ಸರಪಳಿಯು ಲಂಗರನ್ನು ನೆಲದುದ್ದಕ್ಕೆ ಎಳೆಯುವದು, ಎಳೆದಷ್ಟೂ ಅಲಗು ಮಣ್ಣಿನಲ್ಲಿ ಆಳವಾಗಿ ಇಳಿಯುವದು. ಅದಕ್ಕಾಗಿಯೇ ಸರಪಳಿಯನ್ನು ನೀರಿನ ಆಳದ ಐದಾರು ಪಟ್ಟು ಉದ್ದವಾಗಿ ಬಿಡುವದು ವಾಡಿಕೆ. ಅದರ ಬಹುಭಾಗವು ತಳದ ಮೇಲೆ ಮಲಗಿದ್ದರೆ ಮಾತ್ರ ಎಳೆತವು ನೆಲಕ್ಕೆ ಸಮನಾಗಿರುವದು. ಬಿರುಗಾಳಿ ಹೆಚ್ಚಿದಾಗ ನಾವಿಕನು ಸರಪಳಿಯನ್ನು ಬಿಗಿಮಾಡುವದಿಲ್ಲ, ಇನ್ನಷ್ಟು ಸಡಿಲಬಿಡುವನು. ಲಂಗರನ್ನು ಎತ್ತಬೇಕಾದಾಗ ಹಡಗನ್ನು ಅದರ ನೆತ್ತಿಯ ಮೇಲೆ ತಂದು ನೇರವಾಗಿ ಮೇಲಕ್ಕೆ ಸೆಳೆಯುವನು. ಆಗ ಅದು ಸುಲಭವಾಗಿ ಕಿತ್ತು ಬರುವದು. ತಳದಲ್ಲಿ ಜಿಗುಟು ಮಣ್ಣಿದ್ದರೆ ಹಿಡಿತ ಗಟ್ಟಿ. ಬರಿಯ ಬಂಡೆಯಾದರೆ ಎಷ್ಟು ತೂಕದ ಲಂಗರಾದರೂ ಜಾರುವದು. ಹೀಗಿರುವದರಿಂದ ಹಡಗನ್ನು ಹಿಡಿದು ನಿಲ್ಲಿಸುವದು ಕಬ್ಬಿಣವೆನ್ನುವದಕ್ಕಿಂತ ಕಣ್ಣಿಗೆ ಕಾಣದ ಮಣ್ಣು ಎನ್ನುವದೇ ಸತ್ಯಕ್ಕೆ ಸಮೀಪವಾದ ಮಾತು. ಬಂಡೆಯಂಥ ಗಟ್ಟಿತನವನ್ನು ಲಂಗರಿಗೆ ಆರೋಪಿಸಿ ಬರೆದ ಸಾಲುಗಳು ವಸ್ತುವಿನ ಧರ್ಮವನ್ನು ತಿರುವುಮುರುವು ಮಾಡಿದವೆಂದೇ ಹೇಳಬೇಕಾಗುವದು.

ಇಲ್ಲಿಂದ ಮುಂದೆ ಶಬ್ದದ ಕಥೆಯು ಬೆಳವಣಕಿಯ ಹೊಲಕ್ಕೇ ತಿರುಗಿ ಬರುವದು. ‘ಲಂಗರು’ ಎಂಬದು ಪಾರಸಿಯಿಂದ ಬಂದ ಮಾತು. ಪಾರಸಿಯಲ್ಲಿ ಅದೇ ಶಬ್ದಕ್ಕೆ ಬಡಬಗ್ಗರಿಗೆ ಅನ್ನವಿಕ್ಕುವ ಶಾಲೆಯೆಂಬ ಅರ್ಥವೂ ಉಂಟು. ಬೀದರದ ಗುರುನಾನಕ ಝೀರಾದಲ್ಲಿ ಪಂಕ್ತಿಭೇದವಿಲ್ಲದೆ ನಡೆಯುವ ಊಟಕ್ಕೆ ಇರುವ ಹೆಸರು ಅದೇ. ಕಡಲ ಮೇಲೆ ಹಡಗನ್ನು ನಿಲ್ಲಿಸುವ ಶಬ್ದವೇ ನೆಲದ ಮೇಲೆ ಹಸಿದ ದಾರಿಕಾರನನ್ನು ನಿಲ್ಲಿಸಿ ಕೂಡ್ರಿಸುವದು. ಇನ್ನು ಮರಾಠಿಯಲ್ಲಿ ಲಂಗರಿಗೆ ‘ನಾಂಗರ’ ಎನ್ನುವರು. ನೇಗಿಲಿಗೂ ‘ನಾಂಗರ’ ಎಂತಲೇ ಅನ್ನುವರು. ಹೊಲ ಉಳುವದಕ್ಕೂ ಹಡಗು ನಿಲ್ಲಿಸುವದಕ್ಕೂ ಒಂದೇ ಧಾತು. ಸಂಸ್ಕೃತದ ಲಾಂಗಲ, ಪಾಲಿಯ ನಂಗಲ, ತಮಿಳಿನ ನಾಂಜಿಲ್, ಕನ್ನಡದ ನೇಗಿಲು ಇವು ನೇಗಿಲಿನ ಹೆಸರುಗಳು. ತಮಿಳಿನ ನಂಗೂರವು ಲಂಗರಿನದು. ಧ್ವನಿಸಾಮ್ಯವೊಂದರಿಂದಲೇ ಬೇರನ್ನು ನಿರ್ಣಯಿಸುವದು ಭಾಷಾಶಾಸ್ತ್ರಕ್ಕೆ ಸಲ್ಲದು. ಆದರೆ ಕವಿಗೆ ಬೇರಿಗಿಂತ ನೆರಳು ಹೆಚ್ಚು ಬೆಲೆಯುಳ್ಳದ್ದು. ನೆರೆಯ ಭಾಷೆಯೊಂದು ಈ ಎರಡು ವಸ್ತುಗಳನ್ನು ಒಂದೇ ಹೆಸರಿನಿಂದ ಕರೆದುಕೊಂಡು ಬಂದಿರುವಾಗ, ಎರೆನೆಲದ ಕವಿಯು ಲಂಗರನ್ನು ಪರದೇಶದ ಪದಾರ್ಥವೆಂದು ಬಗೆಯಬೇಕಾದ ಕಾರಣವಿಲ್ಲ. ಈಸು, ಮೇಳಿ, ಗುಳ ಇವುಗಳ ಹೊಂದಾಣಿಕೆಯನ್ನು ಬಲ್ಲವನಿಗೆ ದಂಡ, ತೊಲೆ, ಅಲಗುಗಳ ಹೊಂದಾಣಿಕೆಯು ತಿಳಿಯದೆ ಇರದು. 1933ರಲ್ಲಿ ಇಂಗ್ಲಂಡದ ಜಿ. ಐ. ಟೇಲರ್ ಎಂಬ ವಿಜ್ಞಾನಿಯು ಸಣ್ಣ ನಾವೆಗಳಿಗಾಗಿ ಹೊಸ ಲಂಗರೊಂದನ್ನು ನಿರ್ಮಿಸಿದಾಗ ಅದಕ್ಕೆ ಕೊಟ್ಟ ಆಕಾರವು ನೇಗಿಲಿನ ಗುಳದ್ದೇ. ಮರಾಠಿಯ ಒಕ್ಕಲಿಗನು ನಾಲಗೆಯಲ್ಲಿ ಇಟ್ಟುಕೊಂಡದ್ದನ್ನು ಕೇಂಬ್ರಿಜ್ಜಿನ ಗಣಿತಜ್ಞನು ಲೆಕ್ಕಹಾಕಿ ಕಂಡುಕೊಂಡನು.

ನೇಗಿಲಿಗೂ ನಾವೆಗೂ ಇರುವ ಈ ನಂಟನ್ನು ಪುರಾಣಕಾರನೂ ಒಮ್ಮೆ ಮುಟ್ಟಿದ್ದಾನೆ. ಭಾಗವತದ ದಶಮಸ್ಕಂಧದಲ್ಲಿ, ಕೌರವರು ಸಾಂಬನನ್ನು ಸೆರೆಹಿಡಿದಾಗ, ಬಲರಾಮನು ಕೋಪಗೊಂಡು ಹಸ್ತಿನಾವತಿಗೆ ತನ್ನ ನೇಗಿಲನ್ನು ಸಿಕ್ಕಿಸಿ ಗಂಗೆಯ ಕಡೆಗೆ ಎಳೆಯುವನು. ಆಗ ಆ ಪಟ್ಟಣವು ನೀರಿನ ಮೇಲಣ ತೆಪ್ಪದಂತೆ ಹೊಯ್ದಾಡಿತೆಂದು ಅಲ್ಲಿ ಹೋಲಿಕೆ. ನೆಲೆಗೊಂಡ ಊರು ನಾವೆಯಾಗುವದು, ನೆಲ ಬಗಿಯುವ ನೇಗಿಲು ಅದನ್ನು ಎಳೆಯುವ ಕೊಕ್ಕೆಯಾಗುವದು. ಇದು ಲಂಗರಿನ ಕೆಲಸದ ತದ್ವಿರುದ್ಧ ರೂಪ. ಹಿಡಿತ ತಪ್ಪಿದ ಲಂಗರು ಕಡಲ ತಳವನ್ನು ಉಳುತ್ತ ಹಡಗಿನ ಹಿಂದೆ ಸಾಗುವದೆಂಬದನ್ನು ನೆನೆದರೆ ಈ ಚಿತ್ರದ ಸತ್ವವು ಇನ್ನೂ ಹೆಚ್ಚಾಗಿ ಹೊಳೆಯುವದು.

ಇಷ್ಟಾದರೂ ಹಳೆಯ ಕನ್ನಡ ಕಾವ್ಯದಲ್ಲಿ ಲಂಗರಿಗೆ ಎದ್ದು ಕಾಣುವ ಸ್ಥಾನವು ದೊರೆತಿಲ್ಲ. ಕಡಲು ಇಲ್ಲವೆಂದಲ್ಲ. ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಎರಡನೆಯ ಪುಲಕೇಶಿಯ ನೌಕಾಬಲವು ಪಶ್ಚಿಮಸಮುದ್ರದ ಪುರಿಯನ್ನು ಮುತ್ತಿದ್ದನ್ನು ಹೊಗಳುವಾಗ ಹಡಗುಗಳನ್ನು ಮದ್ದಾನೆಗಳಿಗೆ ಹೋಲಿಸಿದ್ದಾನೆ. ಹೋಲಿಕೆಯು ಸೊಗಸಾದದ್ದೇ, ಆದರೆ ದಂಡೆಯ ಮೇಲೆ ನಿಂತವನ ಹೋಲಿಕೆ. ಆನೆಗೆ ಲಂಗರು ಬೇಕಿಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು ಅದೇ ಐಹೊಳೆಯ ಹೆಸರನ್ನು ಹೊತ್ತು ನೆಲದ ದಾರಿಯಿಂದಲೂ ನೀರಿನ ದಾರಿಯಿಂದಲೂ ದೇಶಾಂತರಗಳಿಗೆ ಹೋದರು. 1088ರಲ್ಲಿ ಸುಮಾತ್ರದ ಬಾರುಸಿನಲ್ಲಿಯೂ ಅವರ ತಮಿಳು ಶಾಸನವು ನಿಂತಿತು. ಗೋವೆಯ ಕದಂಬರ ಕಾಲದ ವೀರಗಲ್ಲುಗಳಲ್ಲಿಯೂ ಮುಂಬಯಿಯ ಬೊರಿವಲಿಯ ಹತ್ತಿರದ ಎಕ್ಸಾರದ ಕಲ್ಲುಗಳಲ್ಲಿಯೂ ಹಡಗುಗಳ ಕಾಳಗವು ಕೆತ್ತಲ್ಪಟ್ಟಿದೆ. ಎಕ್ಸಾರದ ಶಿಲ್ಪಿಯ ಕಣ್ಣು ನೆಟ್ಟಿರುವದು ಹುಟ್ಟುಗಳ ಸಾಲಿನ ಮೇಲೆ, ಎಂದರೆ ಮುನ್ನುಗ್ಗುವ ಚಲನೆಯ ಮೇಲೆ. ಗದುಗಿನ ವೀರನಾರಾಯಣನ ಕವಿಯಾದ ಕುಮಾರವ್ಯಾಸನಲ್ಲಿ ಸೇನೆಯು ಸಮುದ್ರವಾಗುವದು. ಆದರೆ ಅದು ಪ್ರಳಯದ ಸಮುದ್ರ, ಹಡಗು ತಂಗುವ ರೇವಲ್ಲ.

ಭಕ್ತಿಸಾಹಿತ್ಯಕ್ಕೆ ಬಂದರೆ ಕಾರಣವು ಇನ್ನೂ ಸ್ಪಷ್ಟವಾಗುವದು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಕಾಯಕವು ತುಂಗಭದ್ರೆಯಲ್ಲಿ ದೋಣಿ ನಡೆಸುವದು. ದಾಸರ ಕೀರ್ತನೆಗಳಲ್ಲಿ ದೇವರೇ ಅಂಬಿಗನಾಗುವನು. ಜೈನರ ತೀರ್ಥಂಕರನೆಂಬ ಹೆಸರಿನಲ್ಲಿಯೂ ತೀರ್ಥವೆಂದರೆ ಹೊಳೆಯನ್ನು ದಾಟುವ ಕಡವೇ. ಹರಿಗೋಲಿಗೆ ಲಂಗರಿನ ಗೊಡವೆಯಿಲ್ಲ. ದಂಡೆಯ ಗೂಟಕ್ಕೆ ಹಗ್ಗ ಬಿಗಿದರೆ ತೀರಿತು. ದಾಟುವದೇ ಗುರಿಯಾದವನಿಗೆ ನಡುನೀರಿನಲ್ಲಿ ನಿಲ್ಲುವದು ಗುಣವಲ್ಲ, ಆಪತ್ತು. ಭವಸಾಗರವೆಂದು ಎಷ್ಟು ಬಾರಿ ಹಾಡಿದರೂ ಆ ಸಾಗರಕ್ಕೆ ಆಚೆಯ ದಡವೊಂದು ಕಣ್ಣಳತೆಯಲ್ಲಿಯೇ ಇರುವದು. ಅದು ಹೆಸರಿಗೆ ಸಾಗರ, ಗುಣದಲ್ಲಿ ಹೊಳೆ. ಮತ್ಸ್ಯಾವತಾರದ ಕಥೆಯಲ್ಲಿ ಪ್ರಳಯಜಲವೇ ಎಲ್ಲೆಡೆಯೂ ವ್ಯಾಪಿಸಿದಾಗ ಕೂಡ ಮನುವಿನ ನಾವೆಯು ತಳಕ್ಕೆ ಏನನ್ನೂ ಇಳಿಬಿಡುವದಿಲ್ಲ. ಮೀನಿನ ಕೊಂಬಿಗೆ ಹಗ್ಗವನ್ನು ಕಟ್ಟಿ ದೇವರ ಹಿಂದೆ ಸಾಗಿ, ಕೊನೆಗೆ ಹಿಮಾಲಯದ ಶಿಖರಕ್ಕೆ ಬಿಗಿಯಲ್ಪಡುವದು. ಮಹಾಭಾರತವು ಆ ಶಿಖರಕ್ಕೆ ನೌಬಂಧನವೆಂದು ಹೆಸರಿಟ್ಟಿದೆ. ಆಧಾರವು ಮೇಲಿನದು, ಎದುರಿಗೆ ಕಾಣುವದು; ಕೆಳಗಿನದಲ್ಲ, ಕಾಣದ್ದಲ್ಲ.

ಒಳನಾಡಿನವರು ಸಾಗರವನ್ನು ತಮ್ಮ ಅಳತೆಗೆ ತಂದುಕೊಂಡ ಬಗೆಯನ್ನು ಊರುಗಳ ಹೆಸರಿನಲ್ಲಿಯೂ ನೋಡಬಹುದು. ಗದಗಿನ ಮಗ್ಗುಲಿಗೆ ಮಲ್ಲಸಮುದ್ರವಿದೆ. ನಾಡಿನ ತುಂಬ ಕೆರೆಗಳಿಗೆ ಸಮುದ್ರವೆಂದು ಹೆಸರಿಟ್ಟವರು ಅರಸರು, ದಂಡನಾಯಕರು, ಮಠಾಧಿಪತಿಗಳು. ಗುಜರಾತದ ಲೋಥಲದಲ್ಲಿ ಸುಮಾರು 219 ಮೀಟರು ಉದ್ದದ, 37 ಮೀಟರು ಅಗಲದ ಇಟ್ಟಿಗೆಯ ಕೊಳವು ಅಗೆತದಲ್ಲಿ ದೊರೆತಾಗ ಎಸ್. ಆರ್. ರಾವ್ ಅವರು ಅದನ್ನು ಹಡಗುಕಟ್ಟೆಯೆಂದರು, ಅಲ್ಲಿಯ ತೂತುಗಲ್ಲುಗಳನ್ನು ಲಂಗರುಗಳೆಂದರು. ಅಲ್ಲ, ಅದು ನೀರಾವರಿಯ ಕೆರೆಯೆಂದು ವಾದಿಸಿದ ಪಂಡಿತರೂ ಉಂಟು. ಕೆರೆಯನ್ನು ಸಮುದ್ರವೆನ್ನುವ ನಾಡಿನವರಿಗೆ ಈ ವ್ಯಾಜ್ಯವು ಪರಿಚಿತವಾದ ಮನೆಯ ಜಗಳದಂತೆ ಕೇಳಿಸಬೇಕು.

ಲಂಗರನ್ನು ಆತ್ಮದ ಸಂಕೇತವನ್ನಾಗಿ ಕನ್ನಡಕ್ಕೆ ತಂದದ್ದು ಕ್ರೈಸ್ತ ಗ್ರಂಥ. ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ನಿರೀಕ್ಷೆಯು ಪ್ರಾಣದ ಲಂಗರೆಂದು ಹೇಳಲ್ಪಟ್ಟಿದೆ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಆದಿಕ್ರೈಸ್ತರು ಶಿಲುಬೆಯ ಗುರುತಿಗಿಂತ ಸಲುಗೆಯಿಂದ ಲಂಗರಿನ ಗುರುತನ್ನು ಕೆತ್ತಿದರು. ದಂಡಕ್ಕೆ ಅಡ್ಡತೊಲೆಯು ಕೂಡಿದಲ್ಲಿ ಶಿಲುಬೆಯು ತಾನಾಗಿಯೇ ಅಡಗಿರುವದಷ್ಟೆ. ಬಳ್ಳಾರಿಯ ಪಾದ್ರಿಗಳ ಪ್ರಯತ್ನದಿಂದ ಸಮಗ್ರ ಬೈಬಲ್ಲು 1831ರ ಹೊತ್ತಿಗೆ ಕನ್ನಡದಲ್ಲಿ ಸಿದ್ಧವಾಯಿತು. 1841ರಲ್ಲಿ ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ಠಾಣ್ಯ ಹೂಡಿದ ಮೇಲೆ ಸಮುದ್ರವಿಲ್ಲದ ಈ ಸೀಮೆಯ ಪ್ರಾರ್ಥನೆಯಲ್ಲಿ ಹಡಗಿನ ಸಾಮಾನು ಸೇರಿತು. ಪತ್ರಿಕೆಯ ಆ ರೂಪಕದಲ್ಲಿ ಒಂದು ವಿಶೇಷವಿದೆ. ಆ ಲಂಗರು ಇಳಿಯುವದು ತೆರೆಯ ಒಳಗೆ, ದೇವಾಲಯದ ಪರದೆಯ ಆಚೆಗೆ. ಕಾಣದ ನೆಲವನ್ನು ನಂಬಿ ಬಿಟ್ಟ ಕಬ್ಬಿಣವೆಂಬ ವಸ್ತುಧರ್ಮವನ್ನು ಬರೆದವನು ಬಲ್ಲವನಾಗಿದ್ದನು. ಅಪೊಸ್ತಲರ ಕೃತ್ಯಗಳ ಇಪ್ಪತ್ತೇಳನೆಯ ಅಧ್ಯಾಯದಲ್ಲಿ, ಬಿರುಗಾಳಿಗೆ ಸಿಕ್ಕ ನಾವಿಕರು ರಾತ್ರಿಯಲ್ಲಿ ಹಡಗಿನ ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಇಳಿಬಿಟ್ಟು ಬೆಳಗಾಗಲೆಂದು ಹಾರೈಸುತ್ತ ಕೂಡುವರು. ಅಲಂಕಾರವೇನೂ ಇಲ್ಲದ ಆ ವರ್ಣನೆಯು ಈಚಿನ ಎಷ್ಟೋ ‘ನಂಬಿಕೆಯ ಲಂಗರು’ಗಳಿಗಿಂತ ಹೆಚ್ಚಿನ ರಸವುಳ್ಳದ್ದು.

ಹಾಗಾದರೆ ಕನ್ನಡದ ಒಳನಾಡಿಗೆ ಸ್ಥಿರತೆಯ ತನ್ನದೇ ಆದ ಉಪಮಾನವಿಲ್ಲವೇ? ಬೆಳವಣಕಿಯ ಯಾವ ಒಕ್ಕಲಿಗನಾದರೂ ಇದಕ್ಕೆ ಉತ್ತರ ಕೊಟ್ಟಾನು. ಕಣದ ನಡುವೆ ನಟ್ಟ ಮೇಟಿಯೇ ಅದು. ಸುಗ್ಗಿಯಲ್ಲಿ ತೆನೆಗಳನ್ನು ಹರವಿ, ಎತ್ತುಗಳನ್ನು ಸಾಲಾಗಿ ಹಗ್ಗದಿಂದ ಮೇಟಿಗೆ ಕಟ್ಟಿ ಹಂತಿ ಹೊಡೆಯುವರು. ಎತ್ತುಗಳು ಸುತ್ತುವವು, ಮೇಟಿ ನಿಂತಿರುವದು, ಕಾಳು ತೆನೆಯನ್ನು ಬಿಟ್ಟು ಬೇರೆಯಾಗುವದು. ಒಕ್ಕುವ ಯಂತ್ರಗಳು ಬಂದ ಮೇಲೆ ಹಂತಿಯು ಕಡಮೆಯಾಗಿ ಹಂತಿಯ ಹಾಡುಗಳು ಮುದುಕರ ಬಾಯಲ್ಲಿ ಉಳಿದಿವೆಯಾದರೂ, ಮೇಟಿಯ ಹೆಸರು ಮಾಸಿಲ್ಲ. ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಇದೇ ತಾಲೂಕಿನವರು. ಭಾಗವತದ ಐದನೆಯ ಸ್ಕಂಧದಲ್ಲಿ ಶುಕಮುನಿಯು ಧ್ರುವನಕ್ಷತ್ರವನ್ನು ವರ್ಣಿಸುವಾಗ ಬೇರೆಲ್ಲ ಹೋಲಿಕೆಗಳನ್ನು ಬಿಟ್ಟು ಕಣಕ್ಕೇ ಬಂದಿದ್ದಾನೆ: ಮೇಟಿಗೆ ಕಟ್ಟಿದ ಪಶುಗಳು ಸುತ್ತುವಂತೆ ಗ್ರಹತಾರೆಗಳು ಧ್ರುವನ ಸುತ್ತ ತಿರುಗುವವು. ನಾವಿಕನು ದಿಕ್ಕು ಹಿಡಿಯುವ ನಕ್ಷತ್ರವೇ ಇಲ್ಲಿ ಒಕ್ಕಲಿಗನ ಕಂಬ. ಕನ್ನಡದ ಪದ್ಯಕಾರನು ಮನೆಯ ಅಂಗಳದಲ್ಲಿದ್ದ ಈ ಉಪಮಾನವನ್ನು ಬಿಟ್ಟು ಪರರ ಬಂದರದಿಂದ ಲಂಗರನ್ನು ಕಡ ತಂದದ್ದು ಸೋಜಿಗವೇ ಸರಿ.

ಆದರೂ ಮೇಟಿಯು ಲಂಗರಿನ ಕೆಲಸವನ್ನೆಲ್ಲ ಮಾಡಲಾರದು. ಮೇಟಿಯು ಮೊದಲೇ ನಟ್ಟದ್ದು. ಲಂಗರನ್ನು ಹಡಗು ತನ್ನ ಮೈಮೇಲೆಯೇ ಹೊತ್ತು ತಿರುಗುವದು. ಮೇಟಿಯ ನೆಲವು ಸೆಗಣಿಯಿಂದ ಸಾರಿಸಿದ, ಸ್ವಂತದ, ಬಲ್ಲ ನೆಲ. ಲಂಗರಿನದು ಅಪರಿಚಿತವಾದ, ಕಾಣದ, ಕೆಲವೊಮ್ಮೆ ಪರರಾಜ್ಯದ ನೆಲ. ಮಾರ್ಕೊ ಪೋಲೋನು ಮಲಬಾರದ ಏಳಿಯ ರಾಜ್ಯವನ್ನು ಕುರಿತು ಬರೆಯುವಾಗ, ಬೇರೆಡೆಗೆ ಹೊರಟ ಹಡಗು ಆಕಸ್ಮಿಕವಾಗಿ ಅಲ್ಲಿಯ ಅಳಿವೆಯಲ್ಲಿ ಲಂಗರು ಹಾಕಿದರೆ ಅದರ ಸರಕನ್ನೆಲ್ಲ ಸುಲಿದುಕೊಳ್ಳುವರೆಂದು ಹೇಳಿದ್ದಾನೆ. ಕಾಕತೀಯ ಗಣಪತಿದೇವನು 1244ರಲ್ಲಿ ಮೋಟುಪಲ್ಲಿಯಲ್ಲಿ ಹೊರಡಿಸಿದ ಅಭಯಶಾಸನವು ಇಂಥ ಸುಲಿಗೆಯನ್ನು ತಡೆಯುವದಕ್ಕಾಗಿಯೇ. ಲಂಗರು ಹಾಕುವದರಲ್ಲಿ ಪರರ ನೆಲವನ್ನು ನಂಬುವ ಅಪಾಯವಿದೆ. ಮೇಟಿಯಲ್ಲಿ ಆ ಅಪಾಯವಿಲ್ಲ, ಆದುದರಿಂದ ಆ ರಸವೂ ಇಲ್ಲ.

ಇನ್ನೊಂದು ಸಾಮ್ಯವು ಕಾವ್ಯದ ಮೈಗೇ ಸಂಬಂಧಿಸಿದ್ದು. ಲಂಗರು ಹಾಕಿದ ಹಡಗು ನಿಶ್ಚಲವಾಗಿ ನಿಲ್ಲುವದೆಂದು ತಿಳಿಯುವದು ತಪ್ಪು. ಗಾಳಿ ಬದಲಿಸಿದಂತೆ, ಭರತ ಇಳಿತಗಳು ಬದಲಿಸಿದಂತೆ, ಅದು ಸರಪಳಿಯ ಉದ್ದದಷ್ಟು ವೃತ್ತದಲ್ಲಿ ಸುತ್ತುತ್ತಿರುವದು. ಕಣದಲ್ಲಿಯೂ ಎತ್ತುಗಳು ಹೊಡೆಯುವದು ವೃತ್ತವನ್ನೇ. ಕನ್ನಡದ ಛಂದಸ್ಸಿನಲ್ಲಿಯೂ ಆ ಹೆಸರೇ ಇರುವದು ಅಕಸ್ಮಾತ್ತಾದರೂ ಅರ್ಥವತ್ತಾದದ್ದು. ಉತ್ಪಲಮಾಲೆ, ಚಂಪಕಮಾಲೆ ಮೊದಲಾದ ಆರು ಖ್ಯಾತಕರ್ಣಾಟಕ ವೃತ್ತಗಳಲ್ಲಿ ಹಳೆಗನ್ನಡದ ಕವಿಯು ಯತಿಯನ್ನು ಮೀರಿ ಸಲೀಸಾಗಿ ಸುತ್ತಾಡಿದನು. ದ್ವಿತೀಯಾಕ್ಷರ ಪ್ರಾಸವನ್ನು ಮಾತ್ರ ಬಿಡಲಿಲ್ಲ. ಅದೊಂದು ಕೊಕ್ಕೆಯು ನೆಲವನ್ನು ಕಚ್ಚಿದ್ದುದರಿಂದಲೇ ಉಳಿದ ಸ್ವಾತಂತ್ರ್ಯವು ಅವನಿಗೆ ದೊರೆಯಿತು. ಆ ಕೊಕ್ಕೆಯನ್ನು ಎತ್ತಿದವರು ಕಡಲ ಮಗ್ಗುಲಿನ ಕವಿಗಳೆಂಬದು ಗಮನಿಸತಕ್ಕ ಸಂಗತಿ. ಇಂದು ಕಾಸರಗೋಡು ಜಿಲ್ಲೆಗೆ ಸೇರಿದ ಮಂಜೇಶ್ವರದ ಗೋವಿಂದ ಪೈಯವರು 1911ರಲ್ಲಿ ಪ್ರಾಸವನ್ನು ತ್ಯಜಿಸಿದರು. ಆಗ ಎದ್ದ ಕೋಲಾಹಲವು ಹಡಗು ಒಡೆಯಿತೆಂಬವರ ಕೋಲಾಹಲ. ಆದರೆ ಪೈಯವರು ಲಂಗರನ್ನು ಎಸೆದುಬಿಡಲಿಲ್ಲ, ಎತ್ತಿ ಹಡಗಿನ ಮೇಲಿಟ್ಟುಕೊಂಡರು. ಪ್ರಾಸವು ಹೋದರೂ ಅವರ ಪದ್ಯದಲ್ಲಿ ಗಣದ ಲೆಕ್ಕವು ಬಿಗಿಯಾಗಿಯೇ ಉಳಿಯಿತು.

ಒಳನಾಡಿನ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರ ಸಂಗತಿಯು ಇನ್ನೂ ಸ್ವಾರಸ್ಯವುಳ್ಳದ್ದು. ಆಕ್ಸಫರ್ಡಿನ ವ್ಯಾಸಂಗಕ್ಕಾಗಿ ಹಡಗಿನಲ್ಲಿ ಕಡಲು ದಾಟಿ ಬಂದ ಅವರ ‘ಸಮುದ್ರ ಗೀತೆಗಳು’ 1940ರಲ್ಲಿ ಪ್ರಕಟವಾದವು. ಕನ್ನಡದ ಮುಕ್ತಛಂದದ ಆರಂಭದ ಪ್ರಯೋಗಗಳಲ್ಲಿ ಅವು ಎಣಿಸಲ್ಪಡುವವು. ಎರೆನೆಲದವನು ಕಡಲನ್ನು ಕಂಡೊಡನೆ ಪದ್ಯದ ಸಾಲು ಬಿಚ್ಚಿಕೊಂಡದ್ದು ಬರಿಯ ಪಾಶ್ಚಾತ್ಯ ಅನುಕರಣವೆಂದು ತಳ್ಳಿಬಿಡುವದು ನ್ಯಾಯವಲ್ಲ. ತೆರೆಯ ಏರಿಳಿತಕ್ಕೆ ಸಮಪಾದಗಳ ಅಳತೆಯು ಒದಗಲಿಲ್ಲವೆಂಬದು ನಿಜವಾದ ಅನುಭವವೇ. ಆದರೆ ಗೋಕಾಕರ ಹಿಂದೆ ಬಂದವರಲ್ಲಿ ಹಲವರಿಗೆ ಕಡಲಿನ ಅನುಭವವೂ ಇರಲಿಲ್ಲ, ಸರಪಳಿಯ ಅನುಭವವೂ ಇರಲಿಲ್ಲ. ಅವರ ಮುಕ್ತಛಂದವು ಸಾಗುವ ಹಡಗೂ ಅಲ್ಲ, ನಿಂತ ಹಡಗೂ ಅಲ್ಲ. ಹಿಡಿತ ತಪ್ಪಿದ ಲಂಗರನ್ನು ಎಳೆದುಕೊಂಡು ಅಡ್ಡಾದಿಡ್ಡಿಯಾಗಿ ಸರಿಯುವ ಹಡಗು. ಕುಂದಾಪುರದ ಸೀಮೆಯ ಮೊಗೇರಿಯ ಗೋಪಾಲಕೃಷ್ಣ ಅಡಿಗರು ‘ಮೋಹನ ಮುರಳಿ’ಯಲ್ಲಿ ಕಡಲಾಚೆಯ ಕರೆಯನ್ನು ಕೇಳಿ ಇರುವ ನೆಲೆಯನ್ನು ಬಿಟ್ಟು ಹೊರಡುವ ಜೀವದ ತಳಮಳವನ್ನು ಹಾಡಿದರು. ಆ ಪದ್ಯದ ಶಕ್ತಿಯು ಸರಪಳಿ ಬಿಗಿಯುವ ಕ್ಷಣದ ಶಕ್ತಿ. ಲಯವು ಎಲ್ಲಿಯೂ ಸಡಿಲಾಗದೆ, ಅರ್ಥವು ಮಾತ್ರ ಕಿತ್ತುಕೊಂಡು ಹೋಗಲು ಹವಣಿಸುವದು.

ಗದ್ಯದಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಈ ವಿಚಾರಕ್ಕೆ ಒದಗುವ ಬಹು ದೊಡ್ಡ ಕೃತಿ. ಕೋಡಿಯ ಆ ಮನೆಯ ಬೆನ್ನಿಗೆ ಕಡಲಿನ ಮೊರೆತವು ಮೂರು ತಲೆಮಾರುಗಳವರೆಗೂ ನಿಲ್ಲುವದಿಲ್ಲ. ಗಂಡಸರು ಪಟ್ಟಣಗಳಿಗೆ ಹೋಗುವರು, ಹಾಳಾಗುವರು, ಅಥವಾ ಮದ್ರಾಸು ಮುಂಬಯಿಗಳನ್ನು ಕಂಡು ಬೇಸತ್ತು ಬರುವರು. ಪಾರೋತಿ, ಸರಸೋತಿ, ನಾಗವೇಣಿಯರು ಆ ನೆಲದಲ್ಲಿಯೇ ಹೂತುಕೊಂಡಿರುವರು. ಸಂಸಾರವು ಹಿಂದಕ್ಕೆ ಸರಿದು ಎಳೆದಷ್ಟೂ ಆ ಹೆಂಗಸರ ಹಿಡಿತವು ಮಣ್ಣಿನಲ್ಲಿ ಆಳಕ್ಕಿಳಿಯುವದು. ಕಾರಂತರು ಲಂಗರೆಂಬ ರೂಪಕವನ್ನು ಆಶ್ರಯಿಸದೆಯೇ ಲಂಗರಿನ ಧರ್ಮವನ್ನು ಕಥೆಯ ನಡೆಯಲ್ಲಿ ಸಾಧಿಸಿದ್ದಾರೆ. ಮೊಮ್ಮಗನಾದ ರಾಮನು ತಿರುಗಿ ಬರುವದು ಭಾವುಕತೆಯ ಫಲವೆಂದು ಕೆಲವರು ಆಕ್ಷೇಪಿಸುವದುಂಟು. ಆದರೆ ಸರಪಳಿಯನ್ನು ಉದ್ದಕ್ಕೆ ಬಿಟ್ಟವರು ನಾಗವೇಣಿಯಂಥವರೆಂಬದನ್ನು ಆಕ್ಷೇಪಕರು ನೆನೆಯಬೇಕು. ಬಿಗಿಹಿಡಿದಿದ್ದರೆ ಅವನು ಬರುತ್ತಿರಲಿಲ್ಲ.

ಕಡಲ ಮಗ್ಗುಲಿನವನು ಕಡಲನ್ನು ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಒಳನಾಡಿನವನಿಗೆ ಇದು ಸಾಧ್ಯವೇ ಎಂಬ ಶಂಕೆಯು ಉಳಿಯುವದು. 1911ರಲ್ಲಿ ಟೈಟಾನಿಕ್ ಎಂಬ ಹಡಗಿಗೆ ಬೇಕಾದ ನಡುಲಂಗರನ್ನು ಬಡಿದು ಮಾಡಿದ್ದು ಇಂಗ್ಲಂಡದ ಒಳನಾಡಿನ ಡಡ್ಲಿ ಪಟ್ಟಣದ ಮಗ್ಗುಲಿನ ನೆದರ್ಟನ್ ಎಂಬಲ್ಲಿ. ಸುಮಾರು ಹದಿನಾರು ಟನ್ನು ತೂಗುವ ಅದನ್ನು ರೈಲು ನಿಲ್ದಾಣಕ್ಕೆ ಒಯ್ಯಲು 20 ಕುದುರೆಗಳನ್ನು ಹೂಡಬೇಕಾಯಿತು. ಕರಿಕೆ ಬೇರೂರಿದ ಎರೆಹೊಲಕ್ಕೆ ದೊಡ್ಡ ರಂಟೆಯನ್ನು ಹಲವು ಜೋಡಿ ಎತ್ತುಗಳಿಂದ ಎಳೆಸಿದವರಿಗೆ ಆ ನೋಟವು ಹೊಸದಲ್ಲ. (ಮರುವರುಷ ಆ ಹಡಗು ಮುಳುಗಿದ್ದು ಲಂಗರಿನ ತಪ್ಪಿನಿಂದಲ್ಲ.) ಕಲ್ಲಿದ್ದಲೂ ಕಬ್ಬಿಣವೂ ಇದ್ದ ಆ ಸೀಮೆಗೆ ಇಂಗ್ಲಿಷರು ಕರಿಯ ನಾಡೆಂದೇ ಹೆಸರಿಟ್ಟಿದ್ದಾರೆ. ಕರ್ನಾಟಕವೆಂಬ ಹೆಸರಿಗೂ ಕರಿಯ ಮಣ್ಣಿನ ನಾಡೆಂಬ ಅರ್ಥವನ್ನು ಹೇಳುವ ಪಂಡಿತರುಂಟು. ಲಂಗರು ಹುಟ್ಟುವದು ಕಡಲಿನಲ್ಲಲ್ಲ, ಕುಲುಮೆಯಲ್ಲಿ.

ಕುಲುಮೆಗೆ ಬೇಕಾದ ಅದಿರೂ ಈಗ ಬೆಳವಣಕಿಯ ಸೀಮೆಯಲ್ಲಿಯೇ ಇದೆ. ಮಳೆ ಕೈಕೊಟ್ಟ ವರುಷಗಳಲ್ಲಿ ರೋಣ, ಗಜೇಂದ್ರಗಡಗಳ ಕಡೆಯ ಕೂಲಿಯ ಜನರು ಗೋವೆಗೂ ಮಂಗಳೂರಿಗೂ ಕಡಲ ತೀರದ ಬೇರೆ ಊರುಗಳಿಗೂ ಗುಳೆ ಹೋಗುವರು. ಕದಂಬರ ಹೆಸರನ್ನು ಹೊತ್ತ ನೌಕಾನೆಲೆಯು 2005ರಲ್ಲಿ ಕಾರವಾರದ ಬಳಿಯಲ್ಲಿ ಆರಂಭವಾದ ಮೇಲೆ ಆ ತೀರದಲ್ಲಿ ದುಡಿಮೆಯ ಬೇಡಿಕೆಯೂ ಬೆಳೆದಿದೆ. ಇವರು ತಮ್ಮ ಮೇಟಿಯನ್ನು ಕಿತ್ತು ಒಯ್ಯಲಾರರು. ತಾವೇ ಹೊತ್ತು ತಂದದ್ದನ್ನು ಪರಿಚಯವಿಲ್ಲದ ನೆಲಕ್ಕೆ ಇಳಿಬಿಟ್ಟು, ಅದು ಹಿಡಿಯಿತೋ ಇಲ್ಲವೋ ಎಂದು ಹಗ್ಗವನ್ನು ಮುಟ್ಟಿ ನೋಡುವರು. ನಾಲ್ಕು ತಿಂಗಳಿಗೆ ಜೋಳ ಬಿತ್ತುವ ಕಾಲ ಬಂದಾಗ ಎತ್ತಿಕೊಂಡು ತಿರುಗುವರು, ಕೆಲವರು ತಿರುಗುವದಿಲ್ಲ. ಈ ಜನರ ಬಾಳನ್ನು ಕುರಿತು ಕನ್ನಡದಲ್ಲಿ ವರದಿಗಳು ಬಂದಿವೆ, ಕಥೆಗಳೂ ಕೆಲವು ಬಂದಿವೆ. ಹಂತಿಯ ಹಾಡಿಗೆ ಸರಿದೂಗುವ ಪದ್ಯವು ಇನ್ನೂ ಬರಬೇಕಾಗಿದೆ. ಅದನ್ನು ಬರೆಯುವವನಿಗೆ ಲಂಗರೆಂಬ ಶಬ್ದವು ಕಡ ತಂದದ್ದಾಗಿ ತೋರಲಿಕ್ಕಿಲ್ಲ. ಅವನ ಅವ್ವನೋ ಅಪ್ಪನೋ ಮಲ್ಪೆಯ ದಕ್ಕೆಯ ಮೇಲೆ ಮೀನಿನ ಬುಟ್ಟಿ ಹೊರುವಾಗ, ದೋಣಿಯ ಮೂತಿಯಿಂದ ಕೆಸರು ಮೆತ್ತಿದ ಕಬ್ಬಿಣವು ಮೇಲೆ ಬರುವದನ್ನು ಕಂಡು, ಇದು ಊರಿನ ಎರೆಮಣ್ಣಿನ ಬಣ್ಣದ್ದೇ ಎಂದು ಆಡಿರಬಹುದಾದ ಮಾತು ಅವನ ಕಿವಿಯಲ್ಲಿದ್ದರೆ ಸಾಕು.